ರೈಟ್ ಲಾಕನ್ನು ರೀಡ್ ಲಾಕ್ ಆಗಿಸುವ ಪ್ಯಾಚ್: ಪರಿಶೀಲನೆಯಲ್ಲಿ ಏನನ್ನು ನೋಡಬೇಕು?

ಪ್ರಶ್ನೆ

ಸಹೋದ್ಯೋಗಿಯೊಬ್ಬರ ಪ್ಯಾಚನ್ನು ಪರಿಶೀಲಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ನಾವು ಬಳಸುತ್ತಿರುವುದು ಲಿನಕ್ಸ್ 6.6. ನಮ್ಮ ಡ್ರೈವರಿನ ಒಂದು ಫಂಕ್ಷನ್ ಎಂಮ್ಯಾಪ್ ಲಾಕನ್ನು (ಪ್ರೊಸೆಸ್ ಒಂದರ ಮೆಮೊರಿ ನಕ್ಷೆಯನ್ನು ಕಾಯುವ ಲಾಕ್) ಬರೆಯುವುದಕ್ಕಾಗಿ, ಅಂದರೆ ಬೇರೆ ಯಾರೂ ಹಿಡಿಯಲಾಗದಂತೆ, ಹಿಡಿಯುತ್ತಿತ್ತು. ಅದನ್ನು ಓದುವುದಕ್ಕಷ್ಟೇ ಬೇಡುವ ಥ್ರೆಡ್‌ಗಳೂ ಇದರ ಹಿಂದೆ ಕಾದು ನಿಲ್ಲುತ್ತಿದ್ದುದರಿಂದ, ಹೊಸ ಪ್ಯಾಚಿನಲ್ಲಿ ಹಲವು ಥ್ರೆಡ್‌ಗಳು ಒಟ್ಟಿಗೆ ಹಿಡಿಯಬಹುದಾದ ರೀಡ್ ಲಾಕ್ ಸಾಕೆಂದು ಬದಲಿಸಿದ್ದಾರೆ. ರಾತ್ರಿಯಿಡೀ ನಡೆದ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ಆದರೂ ಒಪ್ಪಿಗೆ ಕೊಡಲು ಧೈರ್ಯ ಸಾಲುತ್ತಿಲ್ಲ. ಏನನ್ನು ನೋಡಿದರೆ ನಂಬಬಹುದು?

ಉತ್ತರ

ಬದಲಾದ ಸಾಲುಗಳನ್ನು ಪಕ್ಕಕ್ಕಿಟ್ಟು, ಲಾಕ್ ಹಿಡಿದಿರುವಷ್ಟು ಹೊತ್ತು ಈ ಫಂಕ್ಷನ್ನೂ ಇದು ಕರೆಯುವ ಫಂಕ್ಷನ್‌ಗಳೂ ಏನನ್ನು ತಿದ್ದುತ್ತವೆ ಎಂಬುದನ್ನು ಕೊನೆಯವರೆಗೆ ಓದಿ. ವಿಎಂಎಯನ್ನು (ಪ್ರೊಸೆಸ್‌ನ ವಿಳಾಸಗಳ ಒಂದು ವ್ಯಾಪ್ತಿಯನ್ನು ವಿವರಿಸುವ ಕರ್ನೆಲ್ ದಾಖಲೆ) ಹುಡುಕಿ ನೋಡುವುದಷ್ಟೇ ಆದರೆ ರೀಡ್ ಲಾಕ್ ಸಾಕು. ಅದರ ಗಡಿಯನ್ನೋ ಫ್ಲ್ಯಾಗುಗಳನ್ನೋ ಮುಟ್ಟುವುದಾದರೆ ಸಾಲದು.

ಲಿನಕ್ಸ್ ಕರ್ನೆಲ್‌ನಲ್ಲಿ 2023ರಲ್ಲಿ ಬಯಲಾದ ಸ್ಟ್ಯಾಕ್‌ರಾಟ್ ಎಂಬ ಭದ್ರತಾ ದೋಷವನ್ನು ನೆನೆಯಿರಿ. ಸ್ಟ್ಯಾಕ್ ಬೆಳೆಯುವಾಗ ಕರ್ನೆಲ್ ಬಹುಕಾಲ ರೀಡ್ ಲಾಕನ್ನಷ್ಟೇ ಹಿಡಿಯುತ್ತಿತ್ತು. ವಿಎಂಎಗಳು ರೆಡ್-ಬ್ಲ್ಯಾಕ್ ಟ್ರೀ ಎಂಬ ದತ್ತಾಂಶ ರಚನೆಯಲ್ಲಿದ್ದಾಗ ಗಡಿಯ ವಿಳಾಸವನ್ನು ಇದ್ದಲ್ಲೇ ತಿದ್ದಲಾಗುತ್ತಿತ್ತು. ಟ್ರೀಯ ರಚನೆ ಅಲುಗುತ್ತಿರಲಿಲ್ಲ. ಅದರ ಬದಲಿಗೆ 6.1ರಲ್ಲಿ ಬಂದ ಮೇಪಲ್ ಟ್ರೀಯಲ್ಲಿ ಅದೇ ತಿದ್ದುಪಡಿಗೆ ಕೆಲವೊಮ್ಮೆ ಹಳೆಯ ನೋಡನ್ನು ತೆಗೆದು ಹೊಸದನ್ನು ಇಡಬೇಕಾಗುತ್ತದೆ. ಹಳೆಯ ನೋಡ್ ಆರ್‌ಸಿಯು (ತನ್ನ ವಿಧಾನದಲ್ಲಿ ಓದುತ್ತಿರುವವರು ಮುಗಿಸುವವರೆಗೆ ಮೆಮೊರಿಯ ಬಿಡುಗಡೆಯನ್ನು ಮುಂದೂಡುವ ಕರ್ನೆಲ್ ವ್ಯವಸ್ಥೆ) ಅವಧಿ ಮುಗಿದ ಮೇಲೆಯೇ ಬಿಡುಗಡೆಯಾಗುತ್ತದೆ ಎಂಬುದು ನಿಜ. ಆದರೆ ಎಂಮ್ಯಾಪ್ ರೀಡ್ ಲಾಕನ್ನು ಮಾತ್ರ ಹಿಡಿದು ಓದುತ್ತಿರುವ ಥ್ರೆಡ್‌ಗಾಗಿ ಆರ್‌ಸಿಯು ಕಾಯುವುದಿಲ್ಲವಾದ್ದರಿಂದ, ಅದು ಬಿಡುಗಡೆಯಾದ ಮೆಮೊರಿಯನ್ನೇ ಓದುವ ಸಾಧ್ಯತೆ ಹುಟ್ಟಿತು. ಸ್ಟ್ಯಾಕ್ ಬೆಳೆಸಲು ರೈಟ್ ಲಾಕನ್ನು ಕಡ್ಡಾಯಗೊಳಿಸಿ 6.1.37, 6.3.11 ಮತ್ತು 6.4.1ರಲ್ಲಿ ಇದನ್ನು ಸರಿಪಡಿಸಲಾಯಿತು. ಹಿಂದಿನಿಂದ ನಡೆದುಬಂದ ಲಾಕ್ ಎಂಬ ಕಾರಣಕ್ಕೆ ಅದು ಇಂದಿಗೂ ಸರಿಯೆಂದು ನಾನು ಒಪ್ಪುವುದಿಲ್ಲ. ಕೆಳಗಿನ ರಚನೆ ಬದಲಾಗಿದೆಯೇ ಎಂದು ಮೊದಲು ಕೇಳುತ್ತೇನೆ.

ಇನ್ನೊಂದು ಉತ್ತರ

ಮೇಲಿನ ಮಾತಿಗೆ ಸೇರಿಸುವುದಿದೆ. 6.4ರಿಂದ ಪ್ರತಿ ವಿಎಂಎಗೂ ತನ್ನದೇ ಲಾಕ್ ಇದೆ. ಪೇಜ್ ಫಾಲ್ಟ್ (ಪ್ರೊಸೆಸ್ ಮುಟ್ಟಿದ ಪೇಜ್ ಇನ್ನೂ ಜೋಡಣೆಯಾಗಿಲ್ಲದಾಗ ಕರ್ನೆಲ್ ಅದನ್ನು ನಿಭಾಯಿಸುವ ಕೆಲಸ) ಎಂಮ್ಯಾಪ್ ಲಾಕನ್ನು ಮುಟ್ಟದೆಯೇ ಮುಗಿಯಬಹುದು. ಆದ್ದರಿಂದ ಹಳೆಯ ಕೋಡ್ ಕೂಡ ಅಂದುಕೊಂಡಷ್ಟು ಭದ್ರವಾಗಿತ್ತೇ ಎಂದು ನೋಡಿ.

ಡ್ರೈವರ್ ಬಳಕೆದಾರರ ಪೇಜ್‌ಗಳನ್ನು ಪಿನ್ ಮಾಡುತ್ತಿದ್ದರೆ (ಸ್ಥಳ ಬದಲಾಗದಂತೆ ಹಿಡಿದಿಡುತ್ತಿದ್ದರೆ) ವಿಫಲವಾದಾಗ ಹಿಂದಿರುಗುವ ದಾರಿಯನ್ನು ಎರಡು ಸಲ ಓದಿ. ಕೇಳಿದ್ದಕ್ಕಿಂತ ಕಡಿಮೆ ಪೇಜ್‌ಗಳು ದೊರೆಯಬಹುದು. ದೊರೆತಷ್ಟನ್ನು ಮಾತ್ರ ಬಿಡಬೇಕು. ಲಾಕನ್ನು ನಡುವೆ ಬಿಟ್ಟು ಮತ್ತೆ ಹಿಡಿದಿದ್ದರೆ ಮೊದಲಿನ ವಿಎಂಎ ಪಾಯಿಂಟರ್ ನಂಬಿಕೆಗೆ ಅರ್ಹವಲ್ಲ, ಮತ್ತೆ ಹುಡುಕಲೇಬೇಕು.

ಮತ್ತೊಂದು ಉತ್ತರ

ರಾತ್ರಿಯಿಡೀ ನಡೆದ ಆ ಪರೀಕ್ಷೆ ಲಾಕ್‌ಡೆಪ್ (ಲಾಕ್‌ಗಳ ತಪ್ಪು ಬಳಕೆಯನ್ನು ಹಿಡಿಯುವ ಕರ್ನೆಲ್ ಸಾಧನ) ಮತ್ತು ಕೆಎಸಾನ್ (ಮೆಮೊರಿಯ ತಪ್ಪು ಬಳಕೆಯನ್ನು ಹಿಡಿಯುವ ಸಾಧನ) ಇರುವ ಬಿಲ್ಡ್ ಮೇಲೆ ನಡೆದಿತ್ತೇ? ಫ್ಲ್ಯಾಗ್ ಬದಲಿಸುವ ಸಹಾಯಕ ಫಂಕ್ಷನ್‌ಗಳು ರೈಟ್ ಲಾಕ್ ಇದೆಯೇ ಎಂದು ಪರೀಕ್ಷಿಸುತ್ತವೆಯಾದರೂ, ಲಾಕ್‌ಡೆಪ್ ಇಲ್ಲದ ಬಿಲ್ಡ್‌ನಲ್ಲಿ ರೀಡ್ ಲಾಕ್ ಹಿಡಿದು ಬಂದವರನ್ನು ಅವು ತಡೆಯುವುದಿಲ್ಲ.

ಪ್ರಶ್ನೆ ಕೇಳಿದವರು

ಲಾಕ್‌ಡೆಪ್ ಇರಲಿಲ್ಲ. ಅದನ್ನು ಸೇರಿಸಿ ಓಡಿಸಿದ ಕೂಡಲೇ ಎಚ್ಚರಿಕೆ ಬಂತು: ಎರಡು ಹಂತ ಒಳಗಿನ ಫಂಕ್ಷನ್ ಒಂದು ವಿಎಂಎ ಫ್ಲ್ಯಾಗನ್ನು ಬದಲಿಸುತ್ತಿದೆ. ಆ ಭಾಗವನ್ನು ರೈಟ್ ಲಾಕಿನಲ್ಲೇ ಉಳಿಸಿ, ಹುಡುಕಾಟವನ್ನು ಬೇರೆ ಪ್ಯಾಚಾಗಿ ಕಳುಹಿಸುವಂತೆ ಬರೆದಿದ್ದೇನೆ. ಎಲ್ಲರಿಗೂ ಧನ್ಯವಾದಗಳು.