‘ಕಿಕ್ ದ ಬಕೆಟ್’ ಅಂದರೆ ಬಕೆಟ್ ಒದೆಯೋದಲ್ಲ ಅಂತ ಮಕ್ಕಳು ತಾವಾಗೇ ಗುರುತಿಸೋದು ಹೇಗೆ?

ಹೈಸ್ಕೂಲ್‌ಮೇಷ್ಟ್ರು:
ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ‘ಕಿಕ್ ದ ಬಕೆಟ್’ (ಸಾಯೋದು) ಥರದ ಇಂಗ್ಲಿಷ್ ಇಡಿಯಮ್, ಅಂದರೆ ನುಡಿಗಟ್ಟುಗಳ ಪಟ್ಟಿ ಕೊಟ್ಟರೆ ಅರ್ಥದ ಸಮೇತ ಬಾಯಿಪಾಠ ಒಪ್ಪಿಸ್ತಾರೆ. ಅದೇ ಇಡಿಯಮ್ ಪ್ಯಾಸೇಜಿನ ನಡುವೆ ಬಂದರೆ ‘ಹಿ ಸ್ಪಿಲ್ಡ್ ದ ಬೀನ್ಸ್’ ಅಂದರೆ ಬೀನ್ಸ್ ಚೆಲ್ಲಿದ ಅಂತ ಬರೀತಾರೆ. ಎರಡು ಪ್ರಶ್ನೆ. ಪಟ್ಟಿಯಲ್ಲಿಲ್ಲದ ಇಡಿಯಮ್ ಎದುರಾದಾಗ ಇಲ್ಲಿ ನೇರ ಅರ್ಥ ಅಲ್ಲ ಅಂತ ಪತ್ತೆ ಹಚ್ಚೋಕೆ ಏನಾದರೂ ಗುರುತು ಇದೆಯಾ? ಸ್ವಂತ ವಾಕ್ಯ ಮಾಡಿ ಅಂದರೆ ‘ಹಿ ಕಿಕ್ಡ್ ಎ ಬಕೆಟ್’ ಅಂತ ಬರೆಯೋರೂ ಇದ್ದಾರೆ. ಇಡಿಯಮ್ಮಿನಲ್ಲಿ ಏನನ್ನು ಬದಲಾಯಿಸಬಹುದು, ಏನನ್ನು ಮುಟ್ಟಬಾರದು?

ಪದಬಂಧಪ್ರಿಯ:
ಮೊದಲ ಪ್ರಶ್ನೆಗೆ: ನಾಮಪದಕ್ಕೆ ಮೊದಲು ಬರೋ ‘ದ’ (the) ಮೇಲೆ ಕಣ್ಣಿಡೋಕೆ ಹೇಳಿ. ಸಾಮಾನ್ಯವಾಗಿ ಒಂದು ವಸ್ತುವಿನ ಮಾತು ಆಗಲೇ ಬಂದಿದ್ದರೆ, ಇಲ್ಲವೇ ಯಾವುದು ಅಂತ ಇಬ್ಬರಿಗೂ ಗೊತ್ತಿದ್ದರೆ, ಅದಕ್ಕೆ ‘ದ’ ಬರುತ್ತೆ. ಸ್ಪಿಲ್ ದ ಬೀನ್ಸ್, ಬೈಟ್ ದ ಬುಲೆಟ್, ಬ್ರೇಕ್ ದ ಐಸ್, ಮಿಸ್ ದ ಬೋಟ್ – ಇವುಗಳಲ್ಲಿ ಹಿಂದೆಮುಂದೆ ಬೀನ್ಸೂ ಇಲ್ಲ, ಗುಂಡೂ ಇಲ್ಲ, ದೋಣಿಯೂ ಇಲ್ಲ, ಆದರೂ ‘ದ’ ಕೂತಿದೆ. ಕನ್ನಡದಲ್ಲಿ ‘ಎ’, ‘ದ’ ಥರದ ಆರ್ಟಿಕಲ್ ಇಲ್ಲದ್ದರಿಂದ ನಮ್ಮ ಮಕ್ಕಳ ಕಣ್ಣು ಅದನ್ನು ದಾಟಿ ಹೋಗುತ್ತೆ. ‘ಎ ಬಕೆಟ್’ ಅಂತ ಬರೆಯೋದಕ್ಕೂ ಅದೇ ಕಾರಣ. ‘ಎ’ ಹಾಕಿದ ಕೂಡಲೇ ಅದು ನಿಜವಾದ ಬಕೆಟ್ ಆಗುತ್ತೆ.

ತರಗತಿಯಲ್ಲಿ ಹೀಗೆ ಮಾಡಿಸಿ. ಕ್ರಿಯಾಪದದ ಮುಂದಿನ ನಾಮಪದಕ್ಕೆ ಗೆರೆ ಹಾಕಿ, ಹಿಂದಿನ ಎರಡು ಮೂರು ವಾಕ್ಯಗಳಲ್ಲಿ ಆ ವಸ್ತುವನ್ನು ಹುಡುಕಲಿ. ಸಿಗದಿದ್ದರೆ ಮುಂದಿನ ವಾಕ್ಯ ನೋಡಲಿ. ‘ಹಿ ಸ್ಪಿಲ್ಡ್ ದ ಬೀನ್ಸ್’ ಆದಮೇಲೆ ‘ನೌ ಎವ್ರಿಒನ್ ನೋಸ್’ ಅಂತಿದ್ದರೆ ಚೆಲ್ಲಿದ್ದು ಕಾಳಲ್ಲ, ಗುಟ್ಟು. ‘ಶಿ ಸ್ವೆಪ್ಟ್ ದ ಫ್ಲೋರ್’ ಅಂತಿದ್ದರೆ ಕಾಳೇ. ಅರ್ಥ ಊಹಿಸೋಕೆ ಮುಂದಿನ ವಾಕ್ಯದಷ್ಟು ಸಹಾಯ ಇಡಿಯಮ್ಮಿನ ಒಳಗಿನ ಪದಗಳಿಂದ ಸಿಗಲ್ಲ.

ಕಾವ್ಯಮೀಮಾಂಸೆ:
‘ದ’ ಗುರುತು ಚೆನ್ನಾಗಿದೆ, ಆದರೆ ಅದನ್ನೇ ನಿಯಮ ಮಾಡಬೇಡಿ. ‘ಓಪನ್ ದ ಡೋರ್’, ‘ದ ಸನ್’ ಇವಕ್ಕೂ ಹಿಂದೆ ಪ್ರಸ್ತಾಪ ಬೇಕಿಲ್ಲ. ‘ಕೋಲ್ಡ್ ಫೀಟ್’, ‘ಇನ್ ಹಾಟ್ ವಾಟರ್’, ‘ಪೀಸ್ ಆಫ್ ಕೇಕ್’ ಇವುಗಳಲ್ಲಿ ‘ದ’ ಇಲ್ಲವೇ ಇಲ್ಲ.

ನಮ್ಮ ಅಲಂಕಾರಶಾಸ್ತ್ರದಲ್ಲಿ ‘ಕಾವ್ಯಪ್ರಕಾಶ’ ಬರೆದ ಮಮ್ಮಟ, ಲಕ್ಷಣೆಗೆ (ಪದ ನೇರ ಅರ್ಥ ಬಿಟ್ಟು ಬೇರೆ ಅರ್ಥ ಕೊಡೋದಕ್ಕೆ) ಹೇಳಿದ ಮೂರು ಷರತ್ತು ಇಲ್ಲಿ ಕೆಲಸಕ್ಕೆ ಬರುತ್ತವೆ: ಮುಖ್ಯಾರ್ಥಕ್ಕೆ, ಅಂದರೆ ನೇರ ಅರ್ಥಕ್ಕೆ, ಬಾಧೆ ಬರಬೇಕು (ಅದು ಅಲ್ಲಿ ಹೊಂದಬಾರದು), ಹೊಸ ಅರ್ಥಕ್ಕೆ ಮುಖ್ಯಾರ್ಥದ ಜೊತೆ ಸಂಬಂಧ ಇರಬೇಕು, ರೂಢಿಯೋ (ಬಳಕೆಯಲ್ಲಿ ನೆಲೆಯೂರಿದ್ದು) ಪ್ರಯೋಜನವೋ (ಬೇಕಂತಲೇ ಹೇಳುವ ಉದ್ದೇಶ) ಕಾರಣವಾಗಿರಬೇಕು. ‘ಗಂಗೆಯ ಮೇಲೆ ಹಳ್ಳಿ’ ಅಂದಾಗ ನೀರಿನ ಮೇಲೆ ಹಳ್ಳಿ ನಿಲ್ಲಲ್ಲ, ಹಾಗಾಗಿ ದಡ ಅಂತ ತಿಳಿಯುತ್ತೇವೆ. ಇಡಿಯಮ್ ರೂಢಿಯ ಕಡೆಗೆ ಸೇರಿದ್ದು. ನಿಪುಣ ಅನ್ನೋ ಅರ್ಥದ ‘ಕುಶಲ’ ಅಂದರೆ ಮೂಲದಲ್ಲಿ ದರ್ಭೆ ಕೊಯ್ಯುವವನು ಅಂತ ಆ ಶಾಸ್ತ್ರದವರೇ ಉದಾಹರಣೆ ಕೊಡ್ತಾರೆ. ಇವತ್ತು ಆ ಪದ ಕೇಳಿ ದರ್ಭೆ ನೆನೆಯೋರಿಲ್ಲ. ಬಕೆಟ್ಟಿನ ಕತೆಯೂ ಅದೇ. ಅಂದರೆ ಮಕ್ಕಳು ಮೊದಲು ನೇರ ಅರ್ಥ ಮಾಡಿಕೊಂಡರೆ ತಪ್ಪಿಲ್ಲ. ಬಾಧೆ ಕಂಡಮೇಲೂ ಅಲ್ಲೇ ನಿಂತರೆ ತಪ್ಪು.

ಅಭ್ಯಾಸಕ್ಕೆ ಒಂದೇ ಪದಗುಚ್ಛದ ಜೋಡಿ ವಾಕ್ಯ ಕೊಡಿ: ‘ಸೋಕ್ ದ ಕ್ಲಾತ್ ಇನ್ ಹಾಟ್ ವಾಟರ್’, ‘ಹಿ ಈಸ್ ಇನ್ ಹಾಟ್ ವಾಟರ್ ವಿತ್ ಹಿಸ್ ಬಾಸ್’. ಎರಡನೆಯದರಲ್ಲಿ ‘ವಿತ್ ಹಿಸ್ ಬಾಸ್’ ಬಂದಿದ್ದೇ ಬಾಧೆ; ಅಲ್ಲಿ ಅರ್ಥ ಪೇಚಿಗೆ ಸಿಕ್ಕಿದ್ದಾನೆ ಅಂತ.

ವ್ಯಾಕರಣಗಡಿಬಿಡಿ:
ಎರಡನೇ ಪ್ರಶ್ನೆ. ಕ್ರಿಯಾಪದದ ಕಾಲ ಬದಲಾಯಿಸಬಹುದು: ಕಿಕ್ಸ್, ಕಿಕ್ಡ್. ಸಮಾನಾರ್ಥಕ ಪದ ಹಾಕುವ ಹಾಗಿಲ್ಲ. ‘ಕಿಕ್ ದ ಪೇಲ್’ ಅಂದರೆ ಯಾರೂ ಸಾಯಲ್ಲ. ‘ಕಾಲಿಗೆ ಬುದ್ಧಿ ಹೇಳಿದ’ ಅಂದರೆ ಓಡಿಹೋದ. ‘ಪಾದಕ್ಕೆ ಬುದ್ಧಿ ಹೇಳಿದ’ ಅಂದು ನೋಡಿ, ಮಾತೇ ಕೆಡುತ್ತೆ. ಮಕ್ಕಳಿಗೆ ಇದನ್ನೇ ಮೊದಲು ತೋರಿಸಿ, ಕನ್ನಡದಲ್ಲಿ ಅವರಿಗೆ ತಕ್ಷಣ ಕಿವಿಗೆ ಹೊಡೆಯುತ್ತೆ.

ಕರ್ಮಣಿಗೆ ತಿರುಗಿಸುವಾಗ ಎಲ್ಲ ಇಡಿಯಮ್ಮೂ ಒಂದೇ ಥರ ಅಲ್ಲ. ‘ದ ಬೀನ್ಸ್ ವರ್ ಸ್ಪಿಲ್ಡ್’, ‘ದ ಐಸ್ ವಾಸ್ ಬ್ರೋಕನ್’, ‘ಸ್ಟ್ರಿಂಗ್ಸ್ ವರ್ ಪುಲ್ಡ್’ (ವಶೀಲಿ ನಡೆಯಿತು) ನಡೆಯುತ್ತೆ. ‘ದ ಬಕೆಟ್ ವಾಸ್ ಕಿಕ್ಡ್’ ಅಂದರೆ ಬಕೆಟ್ಟೇ ಉರುಳುತ್ತೆ. ಬೀನ್ಸ್ ಅಂದರೆ ಗುಟ್ಟು, ಸ್ಪಿಲ್ ಅಂದರೆ ಹೊರಹಾಕು ಅಂತ ಬಿಡಿಬಿಡಿಯಾಗಿ ಅರ್ಥ ಹಂಚಬಹುದು. ಬಕೆಟ್ಟಿಗೆ ಪ್ರತ್ಯೇಕ ಅರ್ಥವೇ ಇಲ್ಲ. ಭಾಷಾವಿಜ್ಞಾನಿಗಳಾದ ನನ್‌ಬರ್ಗ್, ಸ್ಯಾಗ್, ವ್ಯಾಸೋ 1994ರ ಲೇಖನದಲ್ಲಿ ಈ ವ್ಯತ್ಯಾಸವನ್ನೇ ವಿವರಿಸಿದ್ದಾರೆ. ಇನ್ನೊಂದು: ‘ವಾರಗಟ್ಟಲೆ ಸಾಯ್ತಾ ಇದ್ದ’ ಅನ್ನೋಕೆ ‘ವಾಸ್ ಡೈಯಿಂಗ್’ ಸರಿ, ‘ವಾಸ್ ಕಿಕಿಂಗ್ ದ ಬಕೆಟ್’ ಸರಿಬರಲ್ಲ. ಒದೆತ ಒಂದು ಕ್ಷಣದ ಕೆಲಸ, ಆ ಗುಣ ಒಳಗೇ ಉಳಿದಿದೆ.

ಕೈಕಾಲುಬಾಯಿ:
ಬೈಲಿಂಗ್ವಲ್ ಮಕ್ಕಳಿಗೆ ದೊಡ್ಡ ಅಪಾಯ ಅಂದರೆ ಒಂದೇ ಅಂಗ, ಉಲ್ಟಾ ಅರ್ಥ. ‘ಗಿವ್ ಮಿ ಎ ಹ್ಯಾಂಡ್’ ಅಂದರೆ ಸಹಾಯ ಮಾಡು, ನಮ್ಮಲ್ಲಿ ‘ಕೈಜೋಡಿಸು’. ಅದನ್ನು ಪದಕ್ಕೆ ಪದ ಇಟ್ಟು ‘ಅವನು ಕೈಕೊಟ್ಟ’ ಅಂದರೆ ಕೊನೇ ಗಳಿಗೆಯಲ್ಲಿ ಮೋಸ ಮಾಡಿದ. ಇಂಗ್ಲಿಷ್ ಮಾತಿಗೇ ‘ಬಿಗ್’ ಸೇರಿಸಿ ‘ಗಿವ್ ಹರ್ ಎ ಬಿಗ್ ಹ್ಯಾಂಡ್’ ಅಂದರೆ ಚಪ್ಪಾಳೆ! ‘ಮೂಗು ತೂರಿಸು’, ‘ಬೆಣ್ಣೆ ಹಚ್ಚು’ ಇವು ಎರಡೂ ಭಾಷೆಯಲ್ಲಿ ಹೊಂದುತ್ತವೆ, ಅದರ ಬಗ್ಗೆ ಹೆಚ್ಚು ಹೊತ್ತು ಬೇಡ.

ಮರ್ಯಾದೆಯ ಮಟ್ಟವನ್ನೂ ಹೇಳಿಕೊಡಿ. ‘ಕಿಕ್ ದ ಬಕೆಟ್’ ನಮ್ಮ ‘ಗೊಟಕ್ ಅಂದ’ ಇದ್ದಹಾಗೆ. ಶ್ರದ್ಧಾಂಜಲಿ ಪತ್ರದಲ್ಲಿ ಬರೆದರೆ ಅನರ್ಥ, ಅಲ್ಲಿಗೆ ‘ಪಾಸ್ಡ್ ಅವೇ’. ‘ಅಂಡರ್ ದ ವೆದರ್’ (ಮೈ ಸರಿಯಿಲ್ಲ) ನೆಗಡಿ-ಜ್ವರದ ಮಟ್ಟಕ್ಕೆ ಮಾತ್ರ.

ತಮಾಷೆಗೆ: ‘ಒನ್ಸ್ ಇನ್ ಎ ಬ್ಲೂ ಮೂನ್’ ಅನ್ನೋದಕ್ಕೆ ‘ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ’ ಅಂತ ಬರೆಸ್ತೀವಿ. ನೇರ ಲೆಕ್ಕದಲ್ಲಿ ನಮ್ಮದು ತಿಂಗಳಿಗೆ ಎರಡು ಸಲ. ಒಂದೇ ಕ್ಯಾಲೆಂಡರ್ ತಿಂಗಳಲ್ಲಿ ಬರುವ ಎರಡನೇ ಹುಣ್ಣಿಮೆಯನ್ನು ಬ್ಲೂ ಮೂನ್ ಅಂತಾರೆ, ಅದು ಸುಮಾರು ಎರಡೂವರೆ ವರ್ಷಕ್ಕೊಮ್ಮೆ. ಆದರೂ ಎರಡಕ್ಕೂ ಅರ್ಥ ‘ಅಪರೂಪಕ್ಕೆ’.

ಹೈಸ್ಕೂಲ್‌ಮೇಷ್ಟ್ರು:
ಜೋಡಿ ವಾಕ್ಯದ ಉಪಾಯ ನಾಳೆಯೇ ಮಾಡಿಸ್ತೀನಿ. ನೆನಪಿರಲಿ ಅಂತ ಹುಟ್ಟಿನ ಕತೆ ಹೇಳಬಹುದಾ? ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ (ಜೋರು ಮಳೆ) ಅನ್ನೋದಕ್ಕೆ ಹುಲ್ಲಿನ ಸೂರಿನಿಂದ ನಾಯಿ ಬೆಕ್ಕು ಜಾರಿಬೀಳ್ತಿದ್ದವು ಅಂತ ಒಂದು ಓಡಾಡ್ತಿದೆ.

ಪದಬಂಧಪ್ರಿಯ:
ಅದು ಫಾರ್ವರ್ಡ್ ಕತೆ, ಆಧಾರ ಇಲ್ಲ, ಹೇಳಬೇಡಿ. ಅದರ ಬದಲು ನಿಘಂಟು ನೋಡೋದು ಕಲಿಸಿ: ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್‌ನ ಮುದ್ರಿತ ಪ್ರತಿಯಲ್ಲಿ ‘ಐಡಿಎಂ’ ಅನ್ನೋ ಗುರುತಿನ ಕೆಳಗೆ ಇಡಿಯಮ್‌ಗಳು ಇರುತ್ತವೆ. ಮೊದಲ ಮುಖ್ಯ ಪದದಡಿ ಹುಡುಕಿ, ಸಿಗದಿದ್ದರೆ ನಾಮಪದದಡಿ. ಮಳೆಗೆ ‘ಇಟ್ಸ್ ಪೋರಿಂಗ್’ ಅಂತ ಬರೆದರೂ ಪೂರ್ತಿ ಅಂಕ ಕೊಡಿ, ಇಂಗ್ಲಿಷ್‌ನವರು ದಿನನಿತ್ಯ ಹೆಚ್ಚಾಗಿ ಅನ್ನೋದು ಅದನ್ನೇ.