ಪಾಠದ ಸ್ಲೈಡುಗಳನ್ನು ಮಕ್ಕಳ ಮೊಬೈಲಿಗೆ ತಲುಪಿಸುವುದು ಹೇಗೆ?

ವಿಜ್ಞಾನ ಶಿಕ್ಷಕಿ, ಶಿರಸಿ

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠಕ್ಕೆ 42 ಸ್ಲೈಡುಗಳನ್ನು ಮಾಡಿದ್ದೇನೆ. ಪ್ರೊಜೆಕ್ಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಮಕ್ಕಳು ಮನೆಯಲ್ಲಿ ಮತ್ತೊಮ್ಮೆ ನೋಡಲಿ ಎಂದು ವಾಟ್ಸಾಪ್ ಗುಂಪಿಗೆ ಹಾಕಿದರೆ 84 ಎಂಬಿ! ಅರ್ಧ ಮಕ್ಕಳಿಗೆ ಇಳಿಯಲೇ ಇಲ್ಲ. ಇಳಿಸಿಕೊಂಡವರಿಗೆ ಕನ್ನಡದ ಜಾಗದಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು. “ಟೀಚರ್, ಹೃದಯ ಯಾವ ಭಾಷೆಯಲ್ಲಿದೆ?” ಎಂದು ಒಬ್ಬಳು ಕೇಳಿದಳು. ನಾನು ಟೈಪ್ ಮಾಡಿದ್ದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ.

ಇಲ್ಲಿ ಮನೆಗೊಂದೇ ಮೊಬೈಲ್. ಅದೂ ಅಪ್ಪ ತೋಟದಿಂದ ಬಂದ ಮೇಲೆ ಕೈಗೆ ಸಿಗುವುದು. ಕೆಲವರು ಸಿಗ್ನಲ್ಲಿಗಾಗಿ ಅಂಗಳದ ತುದಿಗೆ ಹೋಗಬೇಕು. ಸ್ಲೈಡುಗಳನ್ನು ಹಂಚುವ ತಾಣವಾದ ಸ್ಲೈಡ್‌ಶೇರ್‌ಗೆ ಹಾಕಲೇ, ಗೂಗಲ್ ಡ್ರೈವ್‌ಗೆ ಹಾಕಲೇ?

ಗಣಿತ ಶಿಕ್ಷಕ, ಹಾವೇರಿ

ಮೇಡಂ, ಸ್ಲೈಡ್‌ಶೇರ್ ಬೇಡ. 2006ರಲ್ಲಿ ಶುರುವಾದ ಅದು 2012ರಲ್ಲಿ ಲಿಂಕ್ಡ್‌ಇನ್ ಕಂಪನಿಯ ಕೈಗೆ, 2020ರಲ್ಲಿ ಸ್ಕ್ರಿಬ್ಡ್ ಕಂಪನಿಯ ಕೈಗೆ ಹೋಯಿತು. ಊರಿಗೆಲ್ಲ ತೋರಿಸುವುದಕ್ಕೆ ಸರಿ, ಒಂದು ತರಗತಿಗೆ ಅಷ್ಟು ದೊಡ್ಡ ಜಾತ್ರೆ ಏಕೆ?

ಮೊದಲು ಅಕ್ಷರದ ಕಥೆ. ನುಡಿಯ ಹಳೆಯ ಫಾಂಟುಗಳಲ್ಲಿ ಕಡತದೊಳಗೆ ಕುಳಿತಿರುವುದು ಇಂಗ್ಲಿಷ್ ಅಕ್ಷರವೇ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಮೊಬೈಲಿನಲ್ಲಿ ಆ ಫಾಂಟ್ ಇಲ್ಲ, ವೇಷ ಕಳಚುತ್ತದೆ. ಪಠ್ಯವನ್ನು ಯೂನಿಕೋಡಿಗೆ, ಅಂದರೆ ಮೊಬೈಲುಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿಕೊಳ್ಳಿ. ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ, ಅಲ್ಲೊಂದು ಇಲ್ಲೊಂದು ತಪ್ಪಿರುತ್ತದೆ.

ಆಮೇಲೆ ಗೂಗಲ್ ಸ್ಲೈಡ್ಸ್‌ಗೆ ಏರಿಸಿ, ಲಿಂಕ್ ಇರುವವರೆಲ್ಲ ನೋಡಬಹುದು ಎಂಬ ಅನುಮತಿ ಕೊಡಿ. ಇದನ್ನು ಮರೆತು ನನಗೊಮ್ಮೆ ರಾತ್ರಿಯೆಲ್ಲ ಅನುಮತಿ ಕೋರಿಕೆಗಳು ಬಂದಿದ್ದವು. ಲಿಂಕಿನಲ್ಲಿ ‘ಎಡಿಟ್’ ಎಂಬ ಇಂಗ್ಲಿಷ್ ಪದದಿಂದ ಕೊನೆಯವರೆಗೆ ಅಳಿಸಿ, ಅಲ್ಲಿ ‘ಪ್ರಿವ್ಯೂ’ ಎಂದು ಇಂಗ್ಲಿಷಿನಲ್ಲಿ ಬರೆದು ಕಳುಹಿಸಿದರೆ ಮಕ್ಕಳಿಗೆ ಸ್ಲೈಡುಗಳು ಮಾತ್ರ ಕಾಣುತ್ತವೆ.

ನಿವೃತ್ತ ಮುಖ್ಯ ಶಿಕ್ಷಕ, ಮೈಸೂರು

ಸಿಗ್ನಲ್ಲೇ ಇಲ್ಲದವರಿಗೆ ಲಿಂಕ್ ಕೊಟ್ಟು ಏನು ಮಾಡುತ್ತೀರಿ? ಪಿಡಿಎಫ್ ಮಾಡಿ ಕಳುಹಿಸಿ. ಒಮ್ಮೆ ಇಳಿಸಿಕೊಂಡರೆ ಮೊಬೈಲಿನಲ್ಲೇ ಇರುತ್ತದೆ, ಅಕ್ಷರವೂ ಕೆಡುವುದಿಲ್ಲ.

ಭಾರವೆಲ್ಲ ಚಿತ್ರಗಳದ್ದು. ಪವರ್‌ಪಾಯಿಂಟಿನಲ್ಲಿ ಒಂದು ಚಿತ್ರವನ್ನು ಆರಿಸಿ, ‘ಕಂಪ್ರೆಸ್ ಪಿಕ್ಚರ್ಸ್’ ಒತ್ತಿ 150 ಪಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಅಳತೆ) ಇಡಿ. ಈ ಚಿತ್ರಕ್ಕೆ ಮಾತ್ರ ಎಂಬಲ್ಲಿರುವ ಗುರುತನ್ನು ತೆಗೆಯಿರಿ, ಇಲ್ಲದಿದ್ದರೆ ಉಳಿದ ಚಿತ್ರಗಳು ಹಾಗೆಯೇ ಉಳಿಯುತ್ತವೆ. ಇನ್ನೊಂದು ಮಾತು: ಮೂಲ ಕಡತವನ್ನು ಕಳುಹಿಸಿದರೆ ಸ್ಲೈಡಿನ ಕೆಳಗೆ ನೀವು ಬರೆದುಕೊಂಡ ಟಿಪ್ಪಣಿಗಳೂ ಹೋಗುತ್ತವೆ.

ವಿಜ್ಞಾನ ಶಿಕ್ಷಕಿ, ಶಿರಸಿ

ಸರ್, ಆ ಟಿಪ್ಪಣಿಯ ಮಾತು ಓದಿ ಎದೆ ಧಸಕ್ಕೆಂದಿತು. ಏಳನೆಯ ಸ್ಲೈಡಿನ ಕೆಳಗೆ “ಕೊನೆಯ ಬೆಂಚಿನವರನ್ನು ಇಲ್ಲಿ ಎಬ್ಬಿಸಬೇಕು” ಎಂದು ಬರೆದಿದ್ದೆ. ಯಾರೂ ಏನೂ ಹೇಳಿಲ್ಲ. ಬಹುಶಃ ಕೊನೆಯ ಬೆಂಚಿನವರಿಗೆ ಕಡತ ಇಳಿದಿಲ್ಲ.

ಅಕ್ಷರ ಬದಲಾಯಿಸಲು ಎರಡು ಸಂಜೆ ಹಿಡಿಯಿತು. ‘ಹೃತ್ಕುಕ್ಷಿ’ (ಹೃದಯದ ಕೆಳಗಿನ ಕೋಣೆ) ಎಂಬ ಪದ ನಾಲ್ಕು ಕಡೆ ಕೆಟ್ಟಿತ್ತು. ಪಿಡಿಎಫ್ ಈಗ 3 ಎಂಬಿ, ನಿನ್ನೆ ಎಲ್ಲರಿಗೂ ಇಳಿಯಿತು. ಆದರೆ ಇಂದು ಬೆಳಿಗ್ಗೆ ಒಬ್ಬ ಹುಡುಗ ಚಿತ್ರದಲ್ಲಿ ಎಡ ಹೃತ್ಕರ್ಣಕ್ಕೆ (ಹೃದಯದ ಮೇಲಿನ ಕೋಣೆಗೆ) ಬಲ ಎಂದಿದೆ ಎಂದು ತೋರಿಸಿದ. ಹೃದಯದ ಎಡಭಾಗ ಚಿತ್ರದಲ್ಲಿ ನಮ್ಮ ಬಲಕ್ಕೆ ಬರುತ್ತದೆ ಎಂದು ತರಗತಿಯಲ್ಲಿ ಹತ್ತು ಸಲ ಹೇಳಿದವಳು ನಾನೇ! ಅಷ್ಟರಲ್ಲಿ ಆ ಪಿಡಿಎಫ್ ಪಕ್ಕದ ಶಾಲೆಯ ಗುಂಪಿಗೂ ಹೋಗಿತ್ತು.

ಗಣಿತ ಶಿಕ್ಷಕ, ಹಾವೇರಿ

ಅದಕ್ಕೇ ಲಿಂಕ್ ಎಂದದ್ದು, ಮೇಡಂ. ಅಲ್ಲಿ ತಿದ್ದಿದರೆ ಹಳೆಯ ಲಿಂಕಿನಲ್ಲೇ ಹೊಸದು ಕಾಣುತ್ತದೆ. ಪಿಡಿಎಫ್ ಕೊಡಿ, ಮೊದಲ ಪುಟದಲ್ಲಿ ದಿನಾಂಕವನ್ನೂ ಆ ಲಿಂಕನ್ನೂ ಹಾಕಿ.

ವಿಜ್ಞಾನ ಶಿಕ್ಷಕಿ, ಶಿರಸಿ

ಹಾಕಿದೆ. ತಪ್ಪು ಹಿಡಿದ ಹುಡುಗನಿಗೇ ಮೊದಲು ಕಳುಹಿಸಿದ್ದೇನೆ. ಇನ್ನೂ ಒಂದೇ ಟಿಕ್ ಇದೆ, ಅವನ ಅಪ್ಪ ತೋಟದಿಂದ ಬಂದಿಲ್ಲವೆಂದು ಕಾಣುತ್ತದೆ.