ಡೆಬಿಟ್ ಕಾರ್ಡ್ ಇರುವಾಗ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಬೇಕೇ?

ಪ್ರಶ್ನೆ: ಶಿಕ್ಷಕಿ, ಹಾವೇರಿ
ಸಂಬಳದ ಖಾತೆಯ ಜೊತೆಗೆ ಬಂದ ರುಪೇ ಡೆಬಿಟ್ ಕಾರ್ಡನ್ನೇ ನಾನು ಎಟಿಎಂನಲ್ಲೂ ಅಂಗಡಿಯಲ್ಲೂ ಬಳಸುತ್ತ ಬಂದಿದ್ದೇನೆ. ಈಗ ಬ್ಯಾಂಕಿನವರು ಒಂದು ಲಕ್ಷ ರೂಪಾಯಿ ಮಿತಿಯ ಕ್ರೆಡಿಟ್ ಕಾರ್ಡ್ ಕೊಡುತ್ತೇವೆ, ಪ್ರತಿ ತಿಂಗಳು ಕನಿಷ್ಠ ಮೊತ್ತ ಕಟ್ಟಿದರೂ ನಡೆಯುತ್ತದೆ ಎನ್ನುತ್ತಿದ್ದಾರೆ. ಎರಡಕ್ಕೂ ಪಿನ್ ಇದೆ, ಎರಡಕ್ಕೂ ಒಟಿಪಿ ಬರುತ್ತದೆ. ಹಾಗಿದ್ದರೆ ನಿಜವಾದ ವ್ಯತ್ಯಾಸವೇನು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ
ಮೇಡಂ, ಡೆಬಿಟ್ ಕಾರ್ಡ್ ಉಜ್ಜಿದ ಕೂಡಲೇ ನಿಮ್ಮ ಉಳಿತಾಯ ಖಾತೆಯಿಂದ ಹಣ ಕಡಿತವಾಗುತ್ತದೆ. ಕ್ರೆಡಿಟ್ ಕಾರ್ಡ್‌ನಲ್ಲಿ ಅಂಗಡಿಯವರಿಗೆ ಸಲ್ಲುವುದು ಬ್ಯಾಂಕಿನ ಹಣ; ಅದು ನಿಮ್ಮ ಹೆಸರಿನಲ್ಲಿ ಸಾಲವಾಗಿ ದಾಖಲಾಗಿ, ತಿಂಗಳಿಗೊಮ್ಮೆ ಬಿಲ್ಲಾಗಿ ಬರುತ್ತದೆ. ಬಿಲ್ ಪ್ರತಿ ತಿಂಗಳ 10ರಂದು ತಯಾರಾಗಿ, ಕಟ್ಟಲು 30ರವರೆಗೆ ಗಡುವಿದೆ ಎಂದುಕೊಳ್ಳಿ. ಮೇ 11ರಂದು ಕೊಂಡ ವಸ್ತುವಿನ ಹಣವನ್ನು ಜೂನ್ 30ರಂದು, ಅಂದರೆ 50 ದಿನಗಳ ನಂತರ, ಬಡ್ಡಿಯಿಲ್ಲದೆ ಕಟ್ಟಬಹುದು. ಜೂನ್ 9ರಂದು ಕೊಂಡರೆ ಸಿಗುವುದು 21 ದಿನ ಮಾತ್ರ.

ಬಿಲ್ಲನ್ನು ಪೂರ್ತಿ ಕಟ್ಟುವವರಿಗೆ ಮಾತ್ರ ಈ ಅನುಕೂಲ ಎಂಬುದನ್ನು ಶಾಖೆಯಲ್ಲಿ ಒತ್ತಿ ಹೇಳುವವರು ಕಡಿಮೆ. 20,000 ರೂಪಾಯಿ ಬಿಲ್ಲಿಗೆ ಶೇ. 5ರಂತೆ ಕನಿಷ್ಠ ಮೊತ್ತ 1,000 ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ ಶೇ. 3.5ರ ದರದಲ್ಲಿ ಬಡ್ಡಿ 700 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 126 ರೂಪಾಯಿ. ನೀವು ಕಟ್ಟುವ ಸಾವಿರದಲ್ಲಿ 826 ರೂಪಾಯಿ ಇವೆರಡಕ್ಕೇ ಹೋಗಿ, ಅಸಲಿಗೆ ಜಮೆಯಾಗುವುದು ಬರೀ 174. ಜೊತೆಗೆ, ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗಳಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ಕನಿಷ್ಠ ಮೊತ್ತ ಕಟ್ಟಿದರೆ ವಿಳಂಬ ಶುಲ್ಕ ತಪ್ಪುತ್ತದೆ, ಅಷ್ಟೇ. ಕಾರ್ಡ್ ತೆಗೆದುಕೊಳ್ಳುವುದಾದರೆ ಆಟೋ ಡೆಬಿಟ್ ಅರ್ಜಿಯಲ್ಲಿ ‘ಪೂರ್ಣ ಬಾಕಿ’ ಎಂಬುದನ್ನೇ ಆಯ್ಕೆ ಮಾಡಿ.

ಉತ್ತರ: ಲೆಕ್ಕಪತ್ರ ಸಲಹೆಗಾರ, ಮೈಸೂರು
ಮೇಲಿನ ವಿವರಣೆಗೆ ಎರಡು ಮಾತು ಸೇರಿಸುತ್ತೇನೆ. ಕ್ರೆಡಿಟ್ ಕಾರ್ಡ್‌ನಿಂದ ಎಟಿಎಂನಲ್ಲಿ ನಗದು ತೆಗೆದರೆ ಬಡ್ಡಿರಹಿತ ಅವಧಿಯೇ ಇರುವುದಿಲ್ಲ. ಅಂದಿನಿಂದಲೇ ಬಡ್ಡಿ ಶುರುವಾಗುತ್ತದೆ, ಶುಲ್ಕವೂ ಬೇರೆ. ನಗದಿಗೆ ಡೆಬಿಟ್ ಕಾರ್ಡನ್ನೇ ಇಟ್ಟುಕೊಳ್ಳಿ. ಇನ್ನೊಂದು, ಡೆಬಿಟ್ ಕಾರ್ಡ್ ಬಳಕೆ ಸಿಬಿಲ್ ವರದಿಯಲ್ಲಿ (ನಿಮ್ಮ ಸಾಲ ಮತ್ತು ಮರುಪಾವತಿಯ ದಾಖಲೆಯಲ್ಲಿ) ಕಾಣುವುದಿಲ್ಲ, ಕ್ರೆಡಿಟ್ ಕಾರ್ಡ್‌ನದು ಕಾಣುತ್ತದೆ. ಮುಂದೆ ಮನೆ ಸಾಲಕ್ಕೆ ಅರ್ಜಿ ಹಾಕುವವರಿಗೆ ಸಕಾಲದಲ್ಲಿ ಬಿಲ್ ಕಟ್ಟಿದ ದಾಖಲೆ ನೆರವಾಗುತ್ತದೆ, ತಪ್ಪಿದ ಗಡುವು ಅಡ್ಡಿಯಾಗುತ್ತದೆ.

ಪ್ರಶ್ನೆ: ಶಿಕ್ಷಕಿ, ಹಾವೇರಿ
ಇಬ್ಬರಿಗೂ ಧನ್ಯವಾದಗಳು. ಬೇರೆಯವರು ಮೋಸದಿಂದ ಕಾರ್ಡ್ ಬಳಸಿದರೆ ಯಾವುದರಲ್ಲಿ ಅಪಾಯ ಹೆಚ್ಚು?

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ
ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಎರಡೂ ಬಗೆಯ ಕಾರ್ಡಿಗೆ ರಕ್ಷಣೆ ಕೊಟ್ಟಿತು. ಬ್ಯಾಂಕಿನದಾಗಲಿ ಗ್ರಾಹಕರದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ವಂಚನೆ ನಡೆದು, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರ ಹೊಣೆ ಶೂನ್ಯ. ನಾಲ್ಕರಿಂದ ಏಳು ಕೆಲಸದ ದಿನವಾದರೆ, ನಿಮ್ಮ ಉಳಿತಾಯ ಖಾತೆಗೂ ಒಂದು ಲಕ್ಷ ಮಿತಿಯ ಈ ಕ್ರೆಡಿಟ್ ಕಾರ್ಡಿಗೂ ಹೊಣೆ ಗರಿಷ್ಠ 10,000 ರೂಪಾಯಿ. ಒಟಿಪಿಯನ್ನು ನೀವೇ ಹೇಳಿದ್ದರೆ, ದೂರು ಕೊಡುವವರೆಗಿನ ನಷ್ಟ ನಿಮ್ಮದೇ.

ನಿಯಮ ಒಂದೇ ಆದರೂ ಅನುಭವಿಸುವ ಕಷ್ಟ ಒಂದೇ ಅಲ್ಲ. ಡೆಬಿಟ್ ಕಾರ್ಡ್‌ನಲ್ಲಿ ಹೋಗಿರುವುದು ನಿಮ್ಮ ಸಂಬಳದ ಹಣ. ದೂರು ಕೊಟ್ಟ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕ್ ಅದನ್ನು ತಾತ್ಕಾಲಿಕವಾಗಿ ಜಮೆ ಮಾಡಬೇಕೆಂದಿದ್ದರೂ, ಅಷ್ಟರಲ್ಲಿ ಸಾಲದ ಕಂತೋ ಮಕ್ಕಳ ಶುಲ್ಕವೋ ನಿಂತುಹೋಗಬಹುದು. ಕ್ರೆಡಿಟ್ ಕಾರ್ಡ್‌ನಲ್ಲಾದರೆ ತಕರಾರು ಬಿಲ್ಲಿನ ಮೇಲೆ, ಖಾತೆಯ ಹಣ ಅಲ್ಲೇ ಇರುತ್ತದೆ. ಹೀಗಾಗಿ ಆನ್‌ಲೈನ್ ಖರೀದಿಗೆ ಕ್ರೆಡಿಟ್ ಕಾರ್ಡೇ ಮೇಲು ಎಂದು ನನ್ನ ಅಭಿಪ್ರಾಯ. ಡೆಬಿಟ್ ಕಾರ್ಡ್‌ನ ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಇಂದೇ ಆಫ್ ಮಾಡಿಡಿ. ಏನಾದರೂ ನಡೆದರೆ ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಂಡು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ.